ಗಿಳಿಪಾಠವೋ, ಅರಿವೋ?

ಪ್ರಶ್ನೆ: ‘ಚೀನೀ ಕೋಣೆ’ ವಾದದ ಪ್ರಕಾರ ಕಂಪ್ಯೂಟರಿಗೆ ಏನೂ ಅರ್ಥವಾಗುವುದಿಲ್ಲವಂತೆ. ಒಳಗೆ ಕೂತವನಿಗೆ ಚೀನೀ ಬಾರದಿದ್ದರೇನು, ಇಡೀ ಕೋಣೆಗೆ ಬರುತ್ತದೆ ಎನ್ನಬಾರದೇಕೆ?

ಉತ್ತರ: ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ಸರ್ಲ್ 1980ರಲ್ಲಿ ಈ ವಾದ ಹೂಡಿದಾಗಲೇ ಎದ್ದ ಆಕ್ಷೇಪ ಇದು. ಅವರ ಕೋಣೆಯಲ್ಲಿರುವವನಿಗೆ ಚೀನೀ ಒಂದಕ್ಷರವೂ ಗೊತ್ತಿಲ್ಲ. ಕಿಂಡಿಯಿಂದ ಬಂದ ಚೀಟಿಯ ಗೀರುಗಳನ್ನು ಇಂಗ್ಲಿಷಿನ ನಿಯಮಪುಸ್ತಕದ ಜೊತೆ ತಾಳೆ ನೋಡಿ, ಅದು ಹೇಳಿದ ಗೀರುಗಳನ್ನು ಹೊರಗೆ ತಳ್ಳುತ್ತಾನೆ. ಹೊರಗಿನವರ ಕಣ್ಣಿಗೆ ಅವನು ಅಪ್ಪಟ ಚೀನೀಯ. ಕಂಪ್ಯೂಟರ್ ಮಾಡುವುದೂ ಇಷ್ಟೇ ಎಂಬುದು ಸರ್ಲ್ ವಾದ. ನಿಮ್ಮ ಪ್ರಶ್ನೆಗೆ ಸರ್ಲ್ ಕೊಟ್ಟ ಉತ್ತರ: ಅವನು ಪುಸ್ತಕವನ್ನೆಲ್ಲ ಉರು ಹೊಡೆದು ಬಯಲಿಗೆ ಬರಲಿ, ಈಗ ಇಡೀ ವ್ಯವಸ್ಥೆ ಅವನೊಳಗೇ ಇದೆ, ಆದರೂ ಚೀನೀ ಬಾರದು. ಈ ಉತ್ತರ ಕೊಂಚ ಸಡಿಲ. ಅವನಿಗೆ ತಿಳಿಯದ್ದು ಅವನೊಳಗಿನ ಯಾವುದಕ್ಕೂ ತಿಳಿಯದು ಎಂಬುದನ್ನು ಸರ್ಲ್ ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾರೆ, ಸಾಧಿಸಿಲ್ಲ.

ಮನಸ್ಸು-ಅರಿವಿನ ಅಧ್ಯಯನ ಮಾಡುವ ವಿಜ್ಞಾನಿ ಸ್ಟೀವನ್ ಹಾರ್ನಾಡ್ 1990ರಲ್ಲಿ ಎತ್ತಿದ ತೊಡಕು ಇದಕ್ಕಿಂತ ಗಟ್ಟಿ. ಕನ್ನಡ ಬಾರದವನ ಕೈಗೆ ಕನ್ನಡ–ಕನ್ನಡ ನಿಘಂಟೊಂದನ್ನೇ ಕೊಡಿ. ‘ಹುಳಿ’ಗೆ ‘ಆಮ್ಲ’, ‘ಆಮ್ಲ’ಕ್ಕೆ ‘ಹುಳಿ’. ಗಾಣದೆತ್ತಿನ ಸುತ್ತು! ಎಲ್ಲೋ ಒಂದು ಪದವಾದರೂ ನಾಲಿಗೆಗೆ ತಾಗಬೇಕು. ಬರೀ ಪಠ್ಯ ಉಂಡು ಬೆಳೆದ ಭಾಷಾ ಮಾದರಿಗಳಿಗೆ (ಚಾಟ್‌ಬಾಟ್‌ಗಳ ಒಳಗೆ ಉತ್ತರ ಹೆಣೆಯುವ ತಂತ್ರಾಂಶಗಳಿಗೆ) ಈ ಪ್ರಶ್ನೆ ನೇರವಾಗಿ ತಟ್ಟುತ್ತದೆ.

ಪ್ರಶ್ನೆ: ಪದದಲ್ಲಿ ಎಷ್ಟು ಅಕ್ಷರವಿದೆ ಎಂದರೆ ಚಾಟ್‌ಬಾಟ್ ತಪ್ಪುತ್ತದೆ. ಅದಕ್ಕೆ ಅರಿವಿಲ್ಲ ಎನ್ನಲು ಇಷ್ಟು ಸಾಲದೇ?

ಉತ್ತರ: ಸಾಲದು. ‘ಅಕ್ಷರ’ದಲ್ಲಿ ನಮಗೆ ಕಾಣುವುದು 3 ಅಕ್ಷರ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಅದು ಅ, ಕ, ವಿರಾಮ, ಷ, ರ ಎಂಬ 5 ಸಂಕೇತ; ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್ (ಕಂಪ್ಯೂಟರ್ ನೆನಪಿನ ಸಣ್ಣ ಅಳತೆ), ಒಟ್ಟು 15. ಈ ಬೈಟುಗಳನ್ನು ಗುಂಪುಗೂಡಿಸಿ ಮಾಡಿದ ತುಣುಕುಗಳೇ ಟೋಕನ್. ಮಾದರಿಯ ಕಣ್ಣಿಗೆ ಬೀಳುವುದು ಟೋಕನ್ನುಗಳ ಗುರುತುಸಂಖ್ಯೆ, ಅಕ್ಷರವಲ್ಲ. ಹಾಗಾಗಿ ಈ ತಪ್ಪು ದೃಷ್ಟಿದೋಷ. ಬುದ್ಧಿಯ ಮೇಲೆ ತೀರ್ಪು ಕೊಡಲು ಬಾರದು.

ಪ್ರಶ್ನೆ: ಹಾಗಾದರೆ ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಉತ್ತರ: ಪ್ರಸಿದ್ಧ ಒಗಟು ಕೇಳಬೇಡಿ; ಅದರ ಉತ್ತರ ತರಬೇತಿಯ ಪಠ್ಯದಲ್ಲೇ ಇದ್ದಿರಬಹುದು. ನೀವೇ ಒಂದು ಲೆಕ್ಕ ಹೆಣೆಯಿರಿ. ಹೆಸರು, ಅಂಕಿ ಬದಲಿಸಿ ಹೊಸ ಸಂಭಾಷಣೆಯಲ್ಲಿ ನಾಲ್ಕೈದು ಸಲ ಕೇಳಿ (ಹಳೆಯದರಲ್ಲೇ ಕೇಳಿದರೆ ಹಿಂದಿನ ಉತ್ತರವನ್ನೇ ನಕಲು ಮಾಡಬಹುದು). ಆಮೇಲೆ ಲೆಕ್ಕಕ್ಕೆ ಬೇಡದ ವಿವರವೊಂದನ್ನು ತುರುಕಿ; ಮಾವಿನಹಣ್ಣು ಎಣಿಸುವ ಲೆಕ್ಕವಾದರೆ, ‘ಅದರಲ್ಲಿ 5 ಮಾವು ಸಣ್ಣವು’. ಆ 5ನ್ನೂ ಲೆಕ್ಕದಿಂದ ಕಳೆದುಬಿಟ್ಟರೆ ಗಿಳಿಪಾಠದ ಗುಮಾನಿ ಬಲವಾಗುತ್ತದೆ. ಎಲ್ಲ ಸರಿಯಾಗಿ ಬಂದರೂ ಸರ್ಲ್ ವಾದ ಜಗ್ಗುವುದಿಲ್ಲ: ಅವರ ಕೋಣೆಯವನು ಎಲ್ಲ ಪರೀಕ್ಷೆಯಲ್ಲೂ ಪಾಸಾದವನೇ.