ಹೆಂಡತಿ ಬೆಳೆಸಿದ ಗಿಡಗಳನ್ನು ಯಾರಿಗೆ ಕೊಡಲಿ?

ನೀವು ಬರೆದಿದ್ದು ಇಷ್ಟು: ಹೆಂಡತಿ ತೀರಿಕೊಂಡಿದ್ದಾರೆ, ಕೊಪ್ಪಳದ ಮನೆಯ ಮಾಳಿಗೆ ತುಂಬಾ ಅವರು ಬೆಳೆಸಿದ ಅಡೇನಿಯಂ (ದಪ್ಪ ಬುಡದ ಹೂಗಿಡ), ಕಳ್ಳಿ, ಆರ್ಕಿಡ್, ಬೋನ್ಸಾಯ್ (ತಟ್ಟೆಯಲ್ಲಿ ಕುಳ್ಳಗೆ ಬೆಳೆಸಿದ ಮರ) ಇವೆ. ಮಗ ಬೆಂಗಳೂರಿಗೆ ಬಾ ಅನ್ನುತ್ತಿದ್ದಾನೆ. ಎಲ್ಲವನ್ನೂ ಒಬ್ಬ ಒಳ್ಳೆಯವರ ಕೈಗೆ ಕೊಟ್ಟು ಹೋಗಬೇಕು, ಅಂಥವರು ಎಲ್ಲಿ ಸಿಗುತ್ತಾರೆ ಅಂತ ಕೇಳಿದ್ದೀರಿ.

ಅಣ್ಣಾವ್ರೇ, ಎಲ್ಲ ಗಿಡವೂ ಒಂದೇ ಮನೆಗೆ ಹೋಗಲಿ ಅನ್ನೋ ಆಸೆ ಮೊದಲು ಬಿಡಿ. ನಾನು ಬಳ್ಳಾರಿಯವಳು. ನಮ್ಮ ಮನೆಯವರಿಗೂ ಇದೇ ಹುಚ್ಚು ಇತ್ತು, ಅವರು ಹೋದ ಮೇಲೆ ಮಾಳಿಗೆ ಖಾಲಿ ಮಾಡಿದ್ದು ನಾನೇ. ಅಷ್ಟನ್ನೂ ಒಟ್ಟಿಗೆ ಒಯ್ಯುತ್ತೀನಿ ಅಂತ ಬರೋರು ಎರಡೇ ತರಹ. ಒಬ್ಬರು ವ್ಯಾಪಾರದವರು, ಗಾಡಿ ತಂದು ಎಲ್ಲಕ್ಕೂ ಸೇರಿಸಿ ಒಂದು ಪುಡಿಗಾಸು ಹೇಳಿ, ದಪ್ಪ ಬುಡದ ನಾಲ್ಕು ಅಡೇನಿಯಂ ಇಟ್ಟುಕೊಂಡು ಉಳಿದದ್ದನ್ನು ಒಣಗಲು ಬಿಡುತ್ತಾರೆ. ಇನ್ನೊಬ್ಬರು ನಿಜವಾಗಿ ಪ್ರೀತಿ ಇರೋ ನೆಂಟರು, ಆದರೆ ಅಷ್ಟು ಪಾಟಿಗೆ ನಮ್ಮ ಕಡೆಯ ಮೇ ತಿಂಗಳಲ್ಲಿ ದಿನಾ ನೀರು ಹೊರೋದು ಪ್ರೀತಿಯಿಂದ ಆಗೋ ಕೆಲಸ ಅಲ್ಲ. ಹತ್ತು ಮನೆಗೆ ಹಂಚಿದರೆ ಎರಡು ಮನೆಯಲ್ಲಿ ಸತ್ತರೂ ಎಂಟು ಕಡೆ ಉಳಿಯುತ್ತದೆ. ಕಡ್ಡಿಯಿಂದ ಬರೋ ಗಿಡ ಇದ್ದರೆ ಕೊಡೋ ಮೊದಲೇ ಎರಡು ಮೂರು ಸಸಿ ಮಾಡಿ, ಬೇರೆ ಬೇರೆ ಮನೆಗೆ ಕೊಡಿ. ನಾವು ಬ್ರಹ್ಮಕಮಲ ಅಂತ ಕರೆಯೋ ರಾತ್ರಿ ಹೂವಿನ ಗಿಡ ಇದೆಯಲ್ಲ, ಅದು ಕಳ್ಳಿ ಜಾತಿಯದೇ, ಎಲೆ ಚುಚ್ಚಿದರೂ ಸಾಕು.

ಯಾವುದನ್ನು ಮೊದಲು ಕಳಿಸಬೇಕು ಅನ್ನೋದರಲ್ಲಿ ಎಲ್ಲರೂ ಉಲ್ಟಾ ಮಾಡುತ್ತಾರೆ. ನಾಜೂಕಾದ ಆರ್ಕಿಡ್, ಆಂಥೂರಿಯಂ, ಫರ್ನ್ ಅವರಿಗೆ ತುಂಬಾ ಇಷ್ಟ ಇತ್ತು ಅಂತ ಕೊನೆಯವರೆಗೆ ಇಟ್ಟುಕೊಳ್ಳುತ್ತಾರೆ. ಅವೇ ಮೊದಲು ಹೋಗಬೇಕು. ನಮ್ಮ ಕಡೆಯ ಒಣಗಾಳಿಯಲ್ಲಿ ಆರ್ಕಿಡ್ ಬದುಕಿದ್ದೇ ನಿಮ್ಮ ಮನೆಯವರು ದಿನಾ ಅದರ ಮುಂದೆ ನಿಂತಿದ್ದಕ್ಕೆ, ಹಾಗೆ ನಿಲ್ಲೋರು ಈಗ ಇಲ್ಲ. ಬೋನ್ಸಾಯ್‌ಗೂ ಇದೇ ಮಾತು, ಆ ತಟ್ಟೆಯಷ್ಟು ಮಣ್ಣು ಬೇಸಿಗೆಯ ಒಂದು ಮಧ್ಯಾಹ್ನಕ್ಕೇ ಒಣಗಿ ಹೋಗುತ್ತದೆ. ಬೋನ್ಸಾಯ್ ಗೊತ್ತಿರೋರು ಸಿಗದಿದ್ದರೆ ಆಲ, ಗೋಣಿ ಮರದ ಜಾತಿಯವನ್ನು ಯಾರದಾದರೂ ಹೊಲದ ಬದುವಿನಲ್ಲಿ ನೆಲಕ್ಕೆ ಇಳಿಸಿಬಿಡಿ, ಮರ ಆಗಲಿ. ಅಷ್ಟು ವರ್ಷ ಕತ್ತರಿಸಿ ಸಾಕಿದ್ದು ವ್ಯರ್ಥ ಆಯಿತು ಅಂತ ಅನ್ನೋರು ಅನ್ನಲಿ. ಅಡೇನಿಯಂ, ಕಳ್ಳಿ ಕಾಯುತ್ತವೆ. ವಾರಗಟ್ಟಲೆ ನೀರಿಲ್ಲದಿದ್ದರೂ ಬುಡದಲ್ಲಿ ಕೂಡಿಟ್ಟ ನೀರಲ್ಲಿ ಬದುಕುತ್ತವೆ, ಅವಸರ ಬೇಡ.

ವರ್ಷದ ತಿಥಿ ಮುಗಿಯೋವರೆಗೆ ಮನೆಯಿಂದ ಏನೂ ಕೊಡಬೇಡಿ ಅಂತ ಹೇಳೋರು ಇರುತ್ತಾರೆ. ಸೀರೆ, ಪಾತ್ರೆ ಕಾಯಲಿ. ಆರ್ಕಿಡ್‌ಗೆ ತಿಥಿ ಗೊತ್ತಿಲ್ಲ.

ಯಾರಿಗೆ ಅನ್ನೋ ಪ್ರಶ್ನೆಗೆ ಬರೋಣ. ಮಾತನಾಡಿಸಲು ಬಂದವರು ಅಂಗಳದಲ್ಲೇ "ನೆನಪಿಗೆ ಒಂದು ಕೊಡ್ರಿ" ಅನ್ನುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡಿ, ಅವರಿಗೆ ಅಂತಲೇ ಒಂದಿಷ್ಟು ಕಡ್ಡಿಯಿಂದ ಬರೋ ಗಟ್ಟಿ ಗಿಡ ತಯಾರು ಇಟ್ಟುಕೊಳ್ಳಿ, ಅಪರೂಪದ್ದು ಮಾತ್ರ ಕೊಡಬೇಡಿ. ನೆನಪಿಗೆ ಅಂತ ಒಯ್ದ ಗಿಡ ಟಿವಿ ಪಕ್ಕ ನೆರಳಲ್ಲಿ ಕೂತು ಸಾಯುತ್ತದೆ. ನನಗೆ ಚೆನ್ನಾಗಿ ಕೆಲಸ ಮಾಡಿದ ಪ್ರಶ್ನೆ ಒಂದೇ, "ನಿಮ್ಮ ಮನೆಯಲ್ಲಿ ಬಿಸಿಲು ಎಷ್ಟೊತ್ತಿಂದ ಎಷ್ಟೊತ್ತಿನವರೆಗೆ ಬೀಳುತ್ತೆ?" ಗಿಡ ಸಾಕೋರು ತಟ್ಟನೆ ಹೇಳುತ್ತಾರೆ. ಬರೀ ಪಾಟ್ ಮೇಲೆ ಕಣ್ಣಿಟ್ಟವರು ಯೋಚನೆ ಮಾಡುತ್ತಾರೆ.

ಶಾಲೆಗೆ ಕೊಡಿ ಅಂತ ಸುಮಾರು ಜನ ಹೇಳುತ್ತಾರೆ, ಕೇಳೋಕೆ ಚೆನ್ನಾಗಿದೆ. ಆದರೆ ಏಪ್ರಿಲ್, ಮೇ ರಜೆಯಲ್ಲಿ ಅಲ್ಲಿ ನೀರು ಹಾಕೋರು ಯಾರು? ಮೇಲಾಗಿ ಅಡೇನಿಯಂ ಹಾಲು ವಿಷ, ಹೃದಯದ ಮೇಲೆ ಪರಿಣಾಮ ಆಗೋ ವಿಷ, ಆಫ್ರಿಕಾದಲ್ಲಿ ಹಿಂದೆ ಬಾಣಕ್ಕೆ ಹಚ್ಚುತ್ತಿದ್ದರು. ಕಳ್ಳಿಯ ಹಾಗೆ ಕಾಣೋ ಯುಫೋರ್ಬಿಯಾಗಳ ಹಾಲು ಕಣ್ಣಿಗೆ ಸಿಡಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಸಣ್ಣ ಮಕ್ಕಳು, ಆಡು, ಕರು ಇರೋ ಮನೆಗೆ ಇವನ್ನು ಕೊಡಲೇಬೇಡಿ, ಬೇರೆಯವರಿಗೂ ಕೊಡೋವಾಗ ಹೇಳಿ ಕೊಡಿ. ಶಾಲೆಗೆ ಕೊಡಲೇಬೇಕು ಅಂದರೆ ನೆಲದಲ್ಲಿ ನೆಡೋ ಬೋಗನ್‌ವಿಲ್ಲಾ ಕೊಡಿ, ಒಮ್ಮೆ ಬೇರು ಬಿಟ್ಟರೆ ರಜೆ ತಡೆದುಕೊಳ್ಳುತ್ತದೆ. ದಾಸವಾಳ, ಮಲ್ಲಿಗೆ ಇದ್ದರೆ ಗುಡಿಗೆ ಕೊಡಿ, ಪೂಜೆಗೆ ಹೂ ಬೇಕಾಗಿರೋರು ತಾವೇ ನೀರು ಹಾಕುತ್ತಾರೆ.

ನೀವು ಕೊಪ್ಪಳದಲ್ಲೇ ಇದ್ದೀರಿ, ಮುನಿರಾಬಾದಿನಲ್ಲಿ ತೋಟಗಾರಿಕೆ ಕಾಲೇಜು ಇದೆ, ಒಮ್ಮೆ ಹೋಗಿ ಅಲ್ಲಿನ ಮೇಷ್ಟ್ರುಗಳನ್ನು ಕೇಳಿ. ಕಾಲೇಜು ತೆಗೆದುಕೊಳ್ಳದಿದ್ದರೂ ಗಿಡದ ಹುಚ್ಚಿರೋ ಹುಡುಗ ಹುಡುಗಿಯರು ಅಲ್ಲಿ ಸಿಗುತ್ತಾರೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕಡೆ ಪರಿಚಯ ಇದ್ದರೂ ಒಂದು ಮಾತು ಹಾಕಿ. ನರ್ಸರಿಯವರಿಗೆ ಒಂದೊಂದೇ ತರಹದ ಗಿಡ ಬೇಡ, ಒಂದೇ ತರಹದ್ದು ಐವತ್ತು ಬೇಕು. ಆದರೆ ಅವರಿಗೆ ಗಿಡ ಕೂಡಿಡೋ ಗಿರಾಕಿಗಳು ಗೊತ್ತು, ಹೆಸರು ಕೇಳಿಕೊಂಡು ಬನ್ನಿ.

ಒಳ್ಳೆಯ ಗಿಡಕ್ಕೆ ದುಡ್ಡು ತೆಗೆದುಕೊಳ್ಳಿ. ಹೆಂಡತಿಯ ಗಿಡ ಮಾರಿದ ಅಂತ ಊರು ಆಡಿಕೊಳ್ಳುತ್ತೆ ಅಂತ ಹಿಂಜರಿಯಬೇಡಿ. ಹಳೇ ದಪ್ಪ ಬುಡದ ಅಡೇನಿಯಂಗೆ ಸಾವಿರಗಟ್ಟಲೆ ಬೆಲೆ ಇದೆ, ದುಡ್ಡು ಕೊಟ್ಟು ಒಯ್ದವರು ಅದನ್ನು ಮೂಲೆಗೆ ಹಾಕಲ್ಲ. ಆ ದುಡ್ಡು ಬೇಡ ಅನಿಸಿದರೆ ಅವರ ಹೆಸರಲ್ಲಿ ಎಲ್ಲಿಗಾದರೂ ಕೊಡಿ, ಅದು ಬೇರೆ ವಿಷಯ.

ಹೂ ಇಲ್ಲದಾಗ ಅಡೇನಿಯಂ ಎಲ್ಲವೂ ಒಂದೇ ತರಹ ಕಾಣುತ್ತವೆ. ಹಾಗಾಗಿ ಹೂ ಬಿಟ್ಟಾಗ ಪ್ರತಿಯೊಂದರ ಫೋಟೋ ತೆಗೆದು, ಪಾಟಿಗೆ ನಂಬರ್ ಹಾಕಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಮಾರ್ಕರ್ ನಮ್ಮ ಬಿಸಿಲಿಗೆ ಅಳಿಸಿ ಹೋಗುತ್ತದೆ. ನಮ್ಮವರು ಎಲ್ಲ ಒಂದು ಹಳೇ ಡೈರಿಯಲ್ಲಿ ಬರೆದಿಟ್ಟಿದ್ದರು, ಎಲ್ಲಿಂದ ತಂದಿದ್ದು, ಎಷ್ಟು ಕೊಟ್ಟಿದ್ದು ಅಂತ. ನನಗೆ ಹೇಳಿದ್ದ ಬೆಲೆಯೇ ಬೇರೆ ಇತ್ತು, ಇರಲಿ. ನಿಮ್ಮ ಮನೆಯವರೂ ಎಲ್ಲಾದರೂ ಬರೆದಿಟ್ಟಿರಬಹುದು, ಅವರ ಮೊಬೈಲ್‌ನ ಫೋಟೋಗಳನ್ನೂ ನೋಡಿ. ಕಸಿ ಮಾಡಿದ ಗಿಡ ಆದರೆ ಕಸಿಯ ಗಂಟಿನ ಕೆಳಗೆ ಬರೋ ಚಿಗುರು ಚಿವುಟಬೇಕು, ಇಲ್ಲದಿದ್ದರೆ ಅದೇ ಜೋರಾಗಿ ಬೆಳೆದು ಮೇಲಿನ ಬಣ್ಣದ ಹೂ ಹೋಗುತ್ತದೆ. ಇದನ್ನು ಒಯ್ಯೋರಿಗೆ ಹೇಳಿ.

ಏಪ್ರಿಲ್, ಮೇನಲ್ಲಿ ಯಾವ ಗಿಡವನ್ನೂ ಜಾಗ ಬದಲಿಸಬೇಡಿ, ಆರ್ಕಿಡ್‌ನಂಥ ಕಾಯಲಾರದ್ದನ್ನು ಬಿಟ್ಟು. ಉಳಿದದ್ದು ಮಳೆ ಬಿದ್ದು ಕಾವು ಇಳಿದ ಮೇಲೆ ಸಾಕು. ಕೊಡೋ ಮೊದಲು ಎಲೆಯ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಇದೆಯಾ ನೋಡಿ. ಇದ್ದರೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಸೋಪು ಹಾಕಿ ಸಂಜೆ ಹೊತ್ತು ಸಿಂಪಡಿಸಿ. ದೂರದವರಿಗೆ ಕಳಿಸೋದಿದ್ದರೆ ಅಡೇನಿಯಂ ಪಾಟ್ ಸಮೇತ ಹೋಗಬೇಕಿಲ್ಲ. ಮಣ್ಣು ಉದುರಿಸಿ, ಎರಡು ಮೂರು ದಿನ ನೆರಳಲ್ಲಿ ಬೇರು ಆರಿಸಿ, ಪೇಪರ್ ಸುತ್ತಿ ಡಬ್ಬಿಗೆ ಹಾಕಿದರೆ ಕೊರಿಯರ್‌ನಲ್ಲೇ ಹೋಗುತ್ತದೆ. ನೆಟ್ಟ ಮೇಲೆ ನಾಲ್ಕಾರು ದಿನ ನೀರು ಹಾಕಬೇಡಿ ಅಂತ ಚೀಟಿ ಇಡಿ, ತಕ್ಷಣ ನೀರು ಹಾಕಿದರೆ ಬೇರು ಕೊಳೆಯುತ್ತದೆ.

ಕೊಟ್ಟ ಮೇಲೆ "ಹೇಗಿದೆ" ಅಂತ ನಾನು ಯಾರನ್ನೂ ಕೇಳಲ್ಲ. ಕೇಳಿದರೆ ಸತ್ತು ಹೋಗಿರೋದನ್ನೂ ಚೆನ್ನಾಗಿದೆ ಅನ್ನುತ್ತಾರೆ. ತಾವಾಗಿ ಹೂವಿನ ಫೋಟೋ ಕಳಿಸೋರು ಕಳಿಸುತ್ತಾರೆ.

ಬೆಂಗಳೂರಿಗೆ ನೀವೂ ಕೆಲವು ಒಯ್ಯುತ್ತೀರಿ, ಅದು ಸರಿ. ಆದರೆ ಆರಿಸೋ ಮೊದಲು ಮಗನ ಬಾಲ್ಕನಿ ಯಾವ ದಿಕ್ಕಿಗೆ ಇದೆ ಅಂತ ಕೇಳಿ. ಐದಾರು ಗಂಟೆ ಬಿಸಿಲು ಬಿದ್ದರೆ ಮಾತ್ರ ಅಡೇನಿಯಂ ಒಯ್ಯಿರಿ, ಅಲ್ಲಿನ ಮಳೆ ನೇರ ಬೀಳದ ಹಾಗೆ ಒಳಗಡೆ ಇಡಿ, ಚಳಿಗಾಲದಲ್ಲಿ ನೀರು ಕಮ್ಮಿ ಮಾಡಿ. ಬಿಸಿಲು ಅಷ್ಟು ಇಲ್ಲ ಅಂದರೆ ಬ್ರಹ್ಮಕಮಲ ಒಯ್ಯಿರಿ, ಅದಕ್ಕೆ ಬೆಳಗಿನ ಎಳೆಬಿಸಿಲು ಸಾಕು.