ಲಕ್ವ ಹೊಡೆದು ಮಲಗಿದವರ ಕಾಲಿಗೆ ಮನೆಯಲ್ಲೇ ವ್ಯಾಯಾಮ ಮಾಡಿಸುವುದು ಹೇಗೆ?

ಅತ್ತೆಗೆ ಲಕ್ವ ಹೊಡೆದು ತಿಂಗಳಾಯಿತು, ಎಡಗಾಲು ಅಲ್ಲಾಡುವುದಿಲ್ಲ, ಫಿಸಿಯೋಥೆರಪಿಯವರು ವಾರಕ್ಕೊಂದು ಸಲ ಬರುತ್ತಾರೆ, ಉಳಿದ ದಿನ ನಾನೇನು ಮಾಡಿಸಲಿ ಅಂತ ಕೇಳಿದ್ದೀರಿ. ನಾನು ಇದೇ ಕೆಲಸಕ್ಕೆ ಮನೆಮನೆಗೆ ಹೋಗುವವಳು. ಆ ಉಳಿದ ಆರು ದಿನ ನೀವು ಮಾಡಿಸುವುದರ ಮೇಲೇ ಜಾಸ್ತಿ ನಿಂತಿದೆ.

ಹೆಚ್ಚಿನವರು ಮಂಡಿಯಿಂದ ಶುರು ಮಾಡುತ್ತಾರೆ. ನನ್ನ ಕೇಳಿದರೆ ಮೊದಲು ಪಾದ. ಮಲಗಿದವರ ಪಾದ ತಾನಾಗಿಯೇ ಕೆಳಕ್ಕೆ ವಾಲುತ್ತದೆ, ಮೇಲೆ ದಪ್ಪ ಕಂಬಳಿ ಹೊದಿಸಿದರೆ ಇನ್ನೂ ಜಾಸ್ತಿ. ಹಾಗೇ ಬಿಟ್ಟರೆ ಮೀನಖಂಡ ಗಿಡ್ಡವಾಗಿಬಿಡುತ್ತದೆ. ಮುಂದೆ ಕಾಲಿಗೆ ಶಕ್ತಿ ಬಂದರೂ ಹಿಮ್ಮಡಿ ನೆಲಕ್ಕೆ ತಾಗದೆ ನಿಲ್ಲುವುದೇ ಕಷ್ಟ.

ಹಿಮ್ಮಡಿಯನ್ನು ಅಂಗೈ ತುಂಬ ಹಿಡಿದುಕೊಳ್ಳಿ. ಅದೇ ಮುಂಗೈಗೆ ಅವರ ಅಂಗಾಲು ಒರಗಿರಲಿ. ಇನ್ನೊಂದು ಕೈ ಮಂಡಿಯ ಮೇಲ್ಭಾಗದಲ್ಲಿ ಕಾಲು ಏಳದ ಹಾಗೆ ಹಗುರವಾಗಿ ಇರಲಿ. ಈಗ ಹಿಮ್ಮಡಿಯನ್ನು ಕೆಳಗೆಳೆಯುತ್ತಾ, ನಿಮ್ಮ ಮೈಭಾರವನ್ನು ಅವರ ತಲೆಯ ಕಡೆಗೆ ವಾಲಿಸಿ. ಪಾದ ಮೇಲಕ್ಕೆ ಬಾಗುತ್ತದೆ. 20–30 ಸೆಕೆಂಡ್ ಹಿಡಿದು ನಿಧಾನಕ್ಕೆ ಬಿಡಿ. ಬರೀ ಬೆರಳು ಹಿಡಿದು ತಳ್ಳಬೇಡಿ. ಪಾದದ ನಡುಭಾಗ ಬಾಗುತ್ತದೆ ಅಷ್ಟೇ, ಬಿಗಿದ ಮೀನಖಂಡ ಹಾಗೇ ಇರುತ್ತದೆ.

ಆಮೇಲೆ ಒಂದು ಕೈ ಮಂಡಿಯ ಹಿಂದೆ, ಇನ್ನೊಂದು ಹಿಮ್ಮಡಿಗೆ ಕೊಟ್ಟು, ಕಾಲು ಮಡಚಿ ಹೊಟ್ಟೆಯ ಕಡೆ ತನ್ನಿ, ಮತ್ತೆ ಪೂರ್ತಿ ಚಾಚಿಸಿ. ಕೊನೆಗೆ ನೇರ ಕಾಲನ್ನು ಪಕ್ಕಕ್ಕೆ ಸರಿಸಿ ವಾಪಸ್ ತನ್ನಿ. ಇವೆರಡೂ 8–10 ಸಲ, ಬೆಳಗ್ಗೆ, ಸಂಜೆ. ಊಟವಾದ ತಕ್ಷಣ ಬೇಡ. ಹಿಂದೆ ಸೊಂಟದ ಆಪರೇಷನ್ ಆಗಿದ್ದರೆ ಎಷ್ಟು ಮಡಚಬಹುದು ಅಂತ ಡಾಕ್ಟರನ್ನು ಕೇಳಿಕೊಂಡೇ ಮಾಡಿ.

ಲಕ್ವದ ಕಾಲನ್ನು ರಪ್ಪನೆ ಎಳೆದಷ್ಟೂ ಸೆಟೆದುಕೊಳ್ಳುತ್ತದೆ. ಬಿಗಿಯಾಯಿತು ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಸಡಿಲವಾಗುವವರೆಗೆ ಕಾಯಿರಿ. ಕಣ್ಣು ಅವರ ಮುಖದ ಮೇಲಿರಲಿ. ಮಾತು ಹೊರಡದವರು ನೋವನ್ನು ಹುಬ್ಬಿನಲ್ಲೇ ಹೇಳುತ್ತಾರೆ. ಸುಮ್ನೆ ಮಾಡಿಸಬೇಡಿ, "ಅತ್ತೆ, ನೀವೂ ಮಡಚೋಕೆ ನೋಡಿ" ಅನ್ನುತ್ತಾ ಇರಿ. ಅವರ ಕಡೆಯಿಂದ ಒಂಚೂರು ಬಲ ಬಂತು ಅನ್ನಿಸಿದರೆ ನಿಮ್ಮದನ್ನು ಅಷ್ಟು ಕಡಿಮೆ ಮಾಡಿ. ಆ ಒಂಚೂರು ಕೈಗೆ ಸಿಕ್ಕ ದಿನ ನನಗೆ ಈಗಲೂ ಖುಷಿಯಾಗುತ್ತದೆ.

ಆರಾಮಾಗಿರಲಿ ಅಂತ ಮಂಡಿ ಕೆಳಗೆ ದಿನವಿಡೀ ದಿಂಬು ಇಡಬೇಡಿ, ಮಂಡಿ ಮಡಚಿದ ಹಾಗೇ ಗಟ್ಟಿಯಾಗುತ್ತದೆ.

ಇದೊಂದನ್ನು ದಯವಿಟ್ಟು ನೆನಪಿಡಿ. ಒಂದು ಕಾಲು ಮಾತ್ರ ಊದಿ, ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ನೋವು ಅಂದರೆ ವ್ಯಾಯಾಮವೂ ಬೇಡ, ನೆಂಟರು ಎಷ್ಟು ಹೇಳಿದರೂ ಎಣ್ಣೆ ತಿಕ್ಕುವುದೂ ಬೇಡ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅವತ್ತೇ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಫಿಸಿಯೋಥೆರಪಿಯವರು ಬಂದಾಗ ಅವರ ಎದುರಿಗೇ ನೀವು ಮಾಡಿ ತೋರಿಸಿ. ಎಲ್ಲಿ ಹಿಡಿತ ತಪ್ಪುತ್ತಿದೆ ಅಂತ ಅವರು ಅಲ್ಲೇ ತಿದ್ದುತ್ತಾರೆ.