ಹಡಗಿನಲ್ಲಿ ಎಡ, ಬಲ ಅನ್ನದೆ ಪೋರ್ಟ್, ಸ್ಟಾರ್‌ಬೋರ್ಡ್ ಅನ್ನೋದು ಯಾಕೆ?

ಎಡ, ಬಲ ಅನ್ನೋದು ನಾವು ನಿಂತ ದಿಕ್ಕಿನ ಮೇಲೆ ಬದಲಾಗುತ್ತದೆ, ಅಲ್ವಾ? ಹಾಯಿ ಎಳೆಯುವವನು ಹಿಂದಕ್ಕೆ ಮುಖ ಮಾಡಿ ನಿಂತಿದ್ದರೆ ಅವನ ಬಲಗೈ ಇರುವುದು ಹಡಗಿನ ಎಡಬದಿಗೆ. ಬಿರುಗಾಳಿಯಲ್ಲಿ ಈ ಗೊಂದಲ ಜೀವಕ್ಕೇ ಕುತ್ತು. ಅದಕ್ಕೇ ಹಡಗಿಗೆ ತನ್ನದೇ ಬದಿಗಳಿವೆ: ಮುಂದಕ್ಕೆ ನೋಡಿದರೆ ಬಲಬದಿ ಸ್ಟಾರ್‌ಬೋರ್ಡ್, ಎಡಬದಿ ಪೋರ್ಟ್.

ಸ್ಟಾರ್‌ಬೋರ್ಡ್‌ಗೂ ನಕ್ಷತ್ರಕ್ಕೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು 'ಸ್ಟೇಓರ್‌ಬೋರ್ಡ್', ಅಂದರೆ ದಿಕ್ಕು ತಿರುಗಿಸುವ ಬದಿ. ಆಗ ಚುಕ್ಕಾಣಿ ಹಿಂಭಾಗದ ನಡುವೆ ಇರಲಿಲ್ಲ. ಬಲಬದಿಗೆ ಒಂದು ದೊಡ್ಡ ಹುಟ್ಟು ಕಟ್ಟಿರುತ್ತಿದ್ದರು, ಜಾಸ್ತಿ ಜನ ಬಲಗೈಯವರು ನೋಡಿ. ನಾರ್ವೆಯಲ್ಲಿ ಸಿಕ್ಕ ವೈಕಿಂಗರ ಓಸೆಬರ್ಗ್ ಹಡಗಿನಲ್ಲೂ ಬಲಬದಿಗೆ ಅಂಥದ್ದೇ ಹುಟ್ಟು ಇತ್ತು. ಆ ಹುಟ್ಟು ದಡಕ್ಕೆ ತಾಗಿ ಮುರಿಯದಿರಲಿ ಎಂದು ಎಡಬದಿಯನ್ನೇ ಬಂದರಿಗೆ ತಾಗಿಸುತ್ತಿದ್ದರು. ಎಡಕ್ಕೆ ಮೊದಲು 'ಲಾರ್‌ಬೋರ್ಡ್' ಎನ್ನುತ್ತಿದ್ದರು. ಕೂಗಿದಾಗ ಎರಡೂ ಒಂದೇ ಥರ ಕೇಳಿಸುತ್ತಿತ್ತು. ಹಾಗಾಗಿ 1844ರಲ್ಲಿ ಬ್ರಿಟಿಷ್ ನೌಕಾಪಡೆ 'ಪೋರ್ಟ್' ಅನ್ನೇ ಬಳಸಬೇಕೆಂದು ಆದೇಶಿಸಿತು. ರಾತ್ರಿ ಪೋರ್ಟ್ ಬದಿಗೆ ಕೆಂಪು ದೀಪ, ಸ್ಟಾರ್‌ಬೋರ್ಡ್‌ಗೆ ಹಸಿರು.

ಉಳಿದವು ಸುಲಭ. ಮೂತಿ ಬೋ, ಹಿಂಭಾಗ ಸ್ಟರ್ನ್, ತಳದ ಬೆನ್ನೆಲುಬು ಕೀಲ್. ಗೋವಾದಲ್ಲಿ ಕಟ್ಟಿದ ನಮ್ಮ ನೌಕಾಪಡೆಯ ಐಎನ್‌ಎಸ್ ತರಂಗಿಣಿಗೆ ಮೂರು ಹಾಯಿಕಂಬಗಳು: ಮುಂದಿನದು ಫೋರ್‌ಮಾಸ್ಟ್, ನಡುವಿನದು ಮೇನ್‌ಮಾಸ್ಟ್, ಹಿಂದಿನದು ಮಿಝನ್.

ಎಲ್ಲರೂ ಎಡವುವ ಪದ 'ಶೀಟ್'. ಅದು ಬಟ್ಟೆಯಲ್ಲ, ಹಾಯಿಯ ಕೆಳಮೂಲೆಯನ್ನು ಎಳೆದು ಹಿಡಿಯುವ ಹಗ್ಗ. ಅದನ್ನು ಸಡಿಲ ಬಿಟ್ಟರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ಹಡಗು ವೇಗ ಕಳೆದುಕೊಳ್ಳುತ್ತದೆ.